ಪುಣೆಯಲ್ಲಿ ಲೈಸೆನ್ಸ್: ಮೊದಲು ವಿಳಾಸ, ಆಮೇಲೆ ಕ್ಲಚ್ಚು

ಊರಿಂದ ಹೊಸದಾಗಿ ಬಂದವರು ಪುಣೆಯ ನಮ್ಮ ಕನ್ನಡ ಸಂಘದ ಬಾಗಿಲಿಗೆ ಬಂದು ಮೊದಲು ಮಕ್ಕಳ ಶಾಲೆ ಕೇಳುತ್ತಾರೆ, ಆಮೇಲೆ ಗ್ಯಾಸು. ಎರಡು ತಿಂಗಳು ಬಸ್ಸಿಗೆ ಕಾದು, ರಿಕ್ಷಾದವರ ಹತ್ತಿರ ವಾದ ಮಾಡಿ ಸುಸ್ತಾದ ಮೇಲೆ ಮತ್ತೆ ಬಂದು ಲೈಸೆನ್ಸ್ ಮಾಡಿಸುವುದು ಹೇಗೆ ಅಂತ ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇವೆ.

ಊರಲ್ಲೇ ಲೈಸೆನ್ಸ್ ಮಾಡಿಸಿಕೊಂಡು ಬಂದವರಿಗೆ ಇದು ಬೇಕಿಲ್ಲ. ಧಾರವಾಡದ್ದಿರಲಿ, ಉಡುಪಿಯದಿರಲಿ, ಅದು ದೇಶದ ಎಲ್ಲ ಕಡೆ ನಡೆಯುತ್ತದೆ. "ಮಹಾರಾಷ್ಟ್ರದ್ದು ಬೇರೆ ತೆಗೀಬೇಕು" ಎಂದು ಹೆದರಿಸುವವರ ಮಾತು ಕೇಳಬೇಡಿ. ಒಬ್ಬರ ಹತ್ತಿರ ಎರಡು ಲೈಸೆನ್ಸ್ ಇರುವುದೇ ಕಾನೂನಿಗೆ ವಿರುದ್ಧ. ಗಾಡಿಯ ಮಾತು ಬೇರೆ. ಕೆಎ ನಂಬರಿನ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಉಳಿದರೆ ಎಂಎಚ್ ನಂಬರಿಗೆ ಬದಲಾಯಿಸಲೇಬೇಕು.

ಹೊಸದಾಗಿ ಮಾಡಿಸುವವರು ಮೊದಲು ಎಡವುವುದು ರಸ್ತೆಯಲ್ಲಲ್ಲ, ಆಧಾರ್ ಕಾರ್ಡಿನ ಹಿಂಬದಿಯಲ್ಲಿ. 2021ರಿಂದ ಮಹಾರಾಷ್ಟ್ರದಲ್ಲಿ ಕಲಿಕಾ ಲೈಸೆನ್ಸಿನ ಪರೀಕ್ಷೆಯನ್ನು ಆಧಾರ್ ಆಧಾರದ ಮೇಲೆ ಮನೆಯಲ್ಲೇ ಕೂತು ಬರೆಯಬಹುದು. ಆದರೆ ಆಧಾರ್‌ನಲ್ಲಿ ಇನ್ನೂ ಗದಗದ ಓಣಿಯ ಹೆಸರೇ ಇದ್ದರೆ ಕೆಲಸ ಗೋಜಲಾಗುತ್ತದೆ. ನಮ್ಮ ಸಲಹೆ ಇಷ್ಟೇ: ಮೊದಲು ಆಧಾರ್ ವಿಳಾಸ ಬದಲಾಯಿಸಿ. ಅದಕ್ಕೆ ನೋಂದಣಿಯಾದ ಬಾಡಿಗೆ ಕರಾರು ಸಾಕು. (ಇಲ್ಲಿ ಆ ಕರಾರಿಗೂ 'ಲೀವ್ ಅಂಡ್ ಲೈಸೆನ್ಸ್' ಅನ್ನುತ್ತಾರೆ. ಲೈಸೆನ್ಸ್ ಬೇಕು ಅಂದರೆ ಇನ್ನೊಂದು ಲೈಸೆನ್ಸ್ ತನ್ನಿ ಅಂದಂತೆ.) ಎರಡು ವಾರ ತಡವಾಗಬಹುದು, ಆಗಲಿ. ಅವಸರ ಮಾಡಿದವರು ಎರಡು ತಿಂಗಳು ಓಡಾಡಿದ್ದನ್ನು ನೋಡಿದ್ದೇವೆ.

ವಿಳಾಸ ಸರಿಯಾಯಿತೋ, ಲೈಸೆನ್ಸಿಗೆಂದೇ ಇರುವ ಸರ್ಕಾರದ ಸಾರಥಿ ಪೋರ್ಟಲ್ ತೆರೆದು ಮಹಾರಾಷ್ಟ್ರ ಆರಿಸಿ, ಪಿನ್‌ಕೋಡ್ ಹಾಕಿ. ಕೊಥರೂಡ್, ಹಡಪ್ಸರ್, ಕಾತ್ರಜ್ ಕಡೆಯವರಿಗೆ ಎಂಎಚ್-12, ಅಂದರೆ ಪುಣೆ ಆರ್‌ಟಿಓ ಬರುತ್ತದೆ. ವಾಕಡ್, ಹಿಂಜವಡಿ, ಪಿಂಪರಿ ಕಡೆಯವರಿಗೆ ಎಂಎಚ್-14. ಕಲಿಕಾ ಲೈಸೆನ್ಸಿಗೆ ಒಂದೊಂದು ವರ್ಗದ ಗಾಡಿಗೆ 150 ರೂಪಾಯಿ, ಪರೀಕ್ಷೆಗೆ 50. 40 ದಾಟಿದವರು ಡಾಕ್ಟರ ಸಹಿ ಇರುವ ಫಾರ್ಮ್ 1ಎ ಜೋಡಿಸಬೇಕು. ರಸ್ತೆ ಸುರಕ್ಷತೆಯ ವೀಡಿಯೊ ಮುಗಿಯುವವರೆಗೆ ಪರೀಕ್ಷೆ ತೆರೆಯುವುದಿಲ್ಲ. ಚಹಾ ಮಾಡಿಕೊಂಡು ಕೂತು ನೋಡಿ. ಪ್ರಶ್ನೆಗಳಲ್ಲಿ ನೂರಕ್ಕೆ ಅರವತ್ತರಷ್ಟು ಸರಿಯಾದರೆ ಪಾಸು. "ನಿಮ್ಮ ಓಟಿಪಿ ಕೊಡಿ ಸಾಕು, ಉತ್ತರ ನಾವೇ ಒತ್ತುತ್ತೇವೆ" ಅನ್ನುವ ಏಜೆಂಟರು ಸಿಗುತ್ತಾರೆ. ಕೊಡಬೇಡಿ. ತಪ್ಪು ಅನ್ನುವುದು ಒಂದು ಕಡೆ. ಇನ್ನೊಂದು ಕಡೆ, ಫಲಕಗಳ ಅರ್ಥ ಗೊತ್ತಿಲ್ಲದೆ ಸ್ವಾರ್‌ಗೇಟಿನ ಸಂಜೆಯ ಸಂದಣಿಗೆ ಇಳಿಯುವವರು ನೀವೇ, ಅವರಲ್ಲ.

ಎರಡು ಚಕ್ರದ ವರ್ಗ ಆರಿಸುವಾಗ ಒಂದು ಮಾತು. ಮನೆಯ ಹೆಂಗಸರಿಗೆ "ಸ್ಕೂಟಿ ತಾನೇ" ಅಂತ ಗೇರಿಲ್ಲದ ವರ್ಗವನ್ನಷ್ಟೇ ತುಂಬಿಸುವ ರೂಢಿ ಇದೆ. ಗೇರಿರುವ ವರ್ಗ ತೆಗೆದರೆ ಸ್ಕೂಟಿಯೂ ಅದರಲ್ಲೇ ಬರುತ್ತದೆ, ನಾಳೆ ಬೈಕ್ ಓಡಿಸಬೇಕಾದಾಗ ಮತ್ತೆ ಸಾಲು ನಿಲ್ಲುವುದು ತಪ್ಪುತ್ತದೆ. ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸ್ ಬೇಡ ಅನ್ನುವುದೂ ಅರ್ಧ ಸತ್ಯ: ಗಂಟೆಗೆ 25 ಕಿ.ಮೀ. ಮೀರದ ಸಣ್ಣ ಮೋಟರಿನವಕ್ಕೆ ಮಾತ್ರ ಆ ವಿನಾಯಿತಿ. ಕಾಲೇಜಿಗೆ ಹೋಗುವ ಹದಿನಾರು ವರ್ಷದ ಮಗನಿಗೆ ಕೀಲಿ ಕೊಡುವ ತಂದೆ-ತಾಯಂದಿರು ಇದನ್ನು ತಿಳಿದಿರಿ: ಅಪ್ರಾಪ್ತ ಮಗು ಗಾಡಿ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೇ ಇಲ್ಲ. 2024ರ ಮೇ ತಿಂಗಳಲ್ಲಿ ಕಲ್ಯಾಣಿನಗರದಲ್ಲಿ ಅಪ್ರಾಪ್ತ ಹುಡುಗ ಓಡಿಸುತ್ತಿದ್ದ ಕಾರು ಗುದ್ದಿ ಇಬ್ಬರು ಸತ್ತದ್ದನ್ನು ಈ ಊರು ಮರೆತಿಲ್ಲ.

ಕಲಿಕಾ ಲೈಸೆನ್ಸ್ 6 ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿಗೆ ಅರ್ಜಿ ಹಾಕಬಹುದು. 31ನೇ ದಿನವೇ ಓಡಬೇಡಿ. ಈ ಅವಧಿಯಲ್ಲಿ ಗಾಡಿಯ ಹಿಂದೆ-ಮುಂದೆ ಕೆಂಪು 'ಎಲ್' ಇರಬೇಕು, ಕಾರಿನಲ್ಲಿ ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂತಿರಬೇಕು. ಭಾನುವಾರ ಬೆಳಿಗ್ಗೆ ಏಳರೊಳಗೆ ಹೊರಟರೆ ರಸ್ತೆಗಳು ನಿಮ್ಮವೇ. ಊರಿಗೆ ಹೋಗುವ ಹೆದ್ದಾರಿ ಮಾತ್ರ ಈಗಲೇ ಬೇಡ. ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಗೆ ಬರುವ ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಸೋತ ಲಾರಿಗಳಿಂದಾದ ಅಪಘಾತಗಳು ಒಂದೆರಡಲ್ಲ.

ಇನ್ನು ಟೆಸ್ಟು. ಎಂಎಚ್-12ರವರಿಗೆ ಕಾರಿನ ಟೆಸ್ಟ್ ಭೋಸರಿಯಲ್ಲಿ, ನಾಶಿಕ್ ಫಾಟಾ ಹತ್ತಿರದ ಐಡಿಟಿಆರ್ ಎಂಬ ಚಾಲನಾ ತರಬೇತಿ ಸಂಸ್ಥೆಯ ಟ್ರ್ಯಾಕಿನಲ್ಲಿ; ಎರಡು ಚಕ್ರದ್ದು ಆಳಂದಿ ರಸ್ತೆಯ ಫುಲೆನಗರದಲ್ಲಿ. ಆರ್‌ಟಿಓ ಅಂದರೆ ಸಂಗಮ್ ಸೇತುವೆ ಹತ್ತಿರದ ದೊಡ್ಡ ಕಚೇರಿ ಅಂದುಕೊಂಡು ಅಲ್ಲಿ ಹೋಗಿ ನಿಲ್ಲುವವರು ಈಗಲೂ ಇದ್ದಾರೆ. ಅಪಾಯಿಂಟ್‌ಮೆಂಟ್ ಚೀಟಿಯಲ್ಲಿ ಬರೆದ ಜಾಗ ಓದಿ ಹೊರಡಿ. ಟೆಸ್ಟಿನ ಶುಲ್ಕ ಒಂದೊಂದು ವರ್ಗಕ್ಕೆ 300, ಲೈಸೆನ್ಸಿಗೆ 200. ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಪಿಯುಸಿ ಚಾಲ್ತಿಯಲ್ಲಿರಲಿ. ಬೈಕಿನವರು ಹೆಲ್ಮೆಟ್ ಮರೆಯಬೇಡಿ.

ಅಲ್ಲಿ ಹೇಳುವುದೆಲ್ಲ ಮರಾಠಿಯಲ್ಲಿ. 'ಉಜವೀಕಡೆ' ಅಂದರೆ ಬಲಕ್ಕೆ, 'ಡಾವೀಕಡೆ' ಎಡಕ್ಕೆ, 'ಥಾಂಬಾ' ನಿಲ್ಲಿಸಿ, 'ಮಾಗೇ ಘ್ಯಾ' ಹಿಂದಕ್ಕೆ ತೆಗೆದುಕೊಳ್ಳಿ. 'ಸಾವಕಾಶ' ನಮ್ಮ ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಿಲ್ಲ. ಮೋಸ ಮಾಡುವ ಪದ ಒಂದೇ, 'ಸರಳ'. ಇನ್‌ಸ್ಪೆಕ್ಟರ್ "ಸರಳ ಜಾ" ಅಂದಾಗ ಸುಲಭವಾಗಿ ಹೋಗು ಅಂತಲ್ಲ, ನೇರವಾಗಿ ಹೋಗು ಅಂತ. ಕಾಗದದಲ್ಲಿ 'ಶಿಕಾಊ ಅನುಜ್ಞಪ್ತಿ' ಎಂದಿದ್ದರೆ ಗಾಬರಿ ಬೇಡ, ಅದೇ ಕಲಿಕಾ ಲೈಸೆನ್ಸು.

ಎಂಟರ ಆಕಾರದಲ್ಲಿ ತಿರುಗಿಸುವುದನ್ನು ಎಲ್ಲರೂ ಅಭ್ಯಾಸ ಮಾಡಿ ಬರುತ್ತಾರೆ. ಸೋಲಿಸುವುದು ಏರು. ಇದನ್ನು ಬರೆಯುತ್ತಿರುವ ನಾನು ಮೊದಲ ಸಲ ಫೇಲಾದದ್ದು ಅಲ್ಲೇ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಯೂ ಒಂದು ಬ್ರೇಕ್ ಇರುತ್ತದಲ್ಲ, ಇಪ್ಪತ್ತು ದಿನ ಏರಿನಲ್ಲಿ ಕಾರು ನಿಂತದ್ದು ನನ್ನ ಜಾಣತನದಿಂದ ಅಂದುಕೊಂಡಿದ್ದೆ. ಟೆಸ್ಟಿನ ದಿನ ಆ ಕಾಲು ಇರಲಿಲ್ಲ; ಕಾರು ಒಂದು ಮಾರು ಹಿಂದಕ್ಕೆ ಜಾರಿತು, ಅಷ್ಟೇ. ಏಳು ದಿನ ಕಾದು ಮತ್ತೆ ಹೋದೆ. ಮೂರು ಸಲ ಫೇಲಾದರೆ ಕಾಯುವುದು 60 ದಿನ.

ಹಾಗಾಗಿ ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ನಿಧಾನ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ಭಾರವಾಗುತ್ತದೆ, ಬಾನೆಟ್ಟು ಕೂದಲೆಳೆಯಷ್ಟು ಮೇಲೇಳುತ್ತದೆ. ಪಾದ ಅಲ್ಲೇ ನಿಲ್ಲಲಿ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ಅಭ್ಯಾಸಕ್ಕೆ ಹೊರಡುವ ಮುನ್ನ ಕಲಿಸುವವರಿಗೆ ಹೇಳಿಬಿಡಿ: "ದಾದಾ, ತುಮಚಾ ಪಾಯ ವರ ಘ್ಯಾ", ನಿಮ್ಮ ಕಾಲು ಮೇಲೆ ತೆಗೆದುಕೊಳ್ಳಿ.

ಪಾಸಾದ ಮೇಲೆ ಕಾರ್ಡು ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಸೊಸೈಟಿಯ ವಾಚ್‌ಮನ್‌ಗೆ ಹೇಳಿಡಿ, ವಾಪಸು ಹೋದರೆ ಮತ್ತೆ ಅಲೆದಾಟ. ಅಲ್ಲಿಯವರೆಗೆ ಡಿಜಿಲಾಕರ್‌ನಲ್ಲಿರುವುದನ್ನು ಪೊಲೀಸರಿಗೆ ತೋರಿಸಬಹುದು.

ಹೊಸ ಲೈಸೆನ್ಸಿನವರ ಮೊದಲ ದಂಡ ಸಾಮಾನ್ಯವಾಗಿ ಗಾಡಿ ಓಡಿಸಿದ್ದಕ್ಕಲ್ಲ, ನಿಲ್ಲಿಸಿದ್ದಕ್ಕೆ. ಪೇಟೆಯ ರಸ್ತೆಗಳಲ್ಲಿ ಪಿ1, ಪಿ2 ಎಂಬ ಫಲಕಗಳಿವೆ: ಪಿ1 ಇರುವ ಬದಿಯಲ್ಲಿ ಬೆಸ ತಾರೀಖಿನಂದು, ಪಿ2 ಬದಿಯಲ್ಲಿ ಸಮ ತಾರೀಖಿನಂದು ನಿಲ್ಲಿಸಬೇಕು. ನಿನ್ನೆ ಆ ಬದಿ, ಇವತ್ತು ಈ ಬದಿ ಎಂದು ಲೆಕ್ಕ ಹಾಕಬೇಡಿ. 31ರ ಮರುದಿನ 1, ಎರಡೂ ಬೆಸವೇ.