ಹಣ್ಣು ನೊಣದ ಮುಖ ತೋರಿಸಿ

ಮಾವಿನ ಕಾಲ ಬಂತೆಂದರೆ ನನ್ನ ಮೊಬೈಲಿಗೆ ನೊಣಗಳ ಫೋಟೊ ಬರತೊಡಗುತ್ತವೆ. ‘ಇದು ಯಾವ ನೊಣ, ಯಾವ ಬಲೆ ಕಟ್ಟಲಿ?’ ಎಂಬ ಪ್ರಶ್ನೆ ಜೊತೆಗಿರುತ್ತದೆ. ಬಹುಪಾಲು ಫೋಟೊಗಳಲ್ಲಿ ಕಾಣುವುದು ಬೆನ್ನು ಮಾತ್ರ. ಪರಿಚಯದ ರೈತರೊಬ್ಬರು ಹಾಗಲದ ಚಪ್ಪರಕ್ಕೆ ಮಾವಿನ ಮೋಹಕ ಬಲೆ ಕಟ್ಟಿ, ತಿಂಗಳಿಡೀ ಖಾಲಿ ಡಬ್ಬಿ ಕಾದರು. ಮಾವು, ಸೀಬೆಯ ಗಂಡು ನೊಣಗಳು ಮೀಥೈಲ್ ಯುಜಿನಾಲ್ ವಾಸನೆಗೆ ಬರುತ್ತವೆ. ಹಾಗಲ, ಹೀರೆ, ಸೋರೆಯ ನೊಣಕ್ಕೆ ಬೇಕಾದದ್ದು ಕ್ಯೂ ಲೂರ್ ಎಂಬ ಬೇರೆ ವಾಸನೆ.

ಅಡುಗೆಮನೆಯ ಬಾಳೆಹಣ್ಣಿನ ಮೇಲಿನ ಕೆಂಪು ಕಣ್ಣಿನ ಪುಟ್ಟ ನೊಣವನ್ನು ದಯವಿಟ್ಟು ಕಳುಹಿಸಬೇಡಿ. ಅದು ಡ್ರೊಸೊಫಿಲಾ, ಕುಟುಂಬವೇ ಬೇರೆ. ನಾವು ಹುಡುಕುತ್ತಿರುವುದು ಮನೆನೊಣದಷ್ಟು ದೊಡ್ಡದು, ಮೈಮೇಲೆ ಕಣಜದಂತೆ ಹಳದಿ ಗೆರೆ ಇರುವಂಥದ್ದು.

ಮೊದಲು ಜೀವಂತ ನೊಣವನ್ನು ಬಾಟಲಿಗೆ ಹಿಡಿದು ಐದಾರು ನಿಮಿಷ ಫ್ರಿಜ್ಜಿನಲ್ಲಿಡಿ, ಮಂಕಾಗುತ್ತದೆ. ಬಲೆಯಲ್ಲಿ ವಾರಗಟ್ಟಲೆ ಒಣಗಿದ್ದು ಬೇಡ. ಹಳದಿ ಗೆರೆಗಳು ಕಂದಿರುತ್ತವೆ. ಹಣ್ಣಿನೊಳಗಿನ ಹುಳು ಸಾಕಿ ನೊಣ ಹೊರಬಂದಿದ್ದರೆ ಸಕ್ಕರೆ ನೀರು ಕೊಟ್ಟು ಎರಡು ಮೂರು ದಿನ ಕಾಯಿರಿ. ಹೊರಬಂದ ದಿನ ಅದರ ಬಣ್ಣವೆಲ್ಲ ಪೇಲವ.

ಬೆನ್ನಿನ ಫೋಟೊ ಸುಲಭ. ಮೂರು ಹಳದಿ ಗೆರೆಗಳಿದ್ದು, ಒಂದು ನಟ್ಟನಡುವೆ ಇದ್ದರೆ ಅದು ಹಾಗಲ ಬಳ್ಳಿಯ ನೊಣ, ಝ್ಯೂಗೊಡೇಕಸ್ ಕುಕುರ್ಬಿಟೇ. ನಡುಗೆರೆ ಇಲ್ಲದೆ ಅಕ್ಕಪಕ್ಕ ಎರಡೇ ಇದ್ದರೆ ಮಾವಿನ ಗುಂಪು: ಡಾರ್ಸಾಲಿಸ್, ಝೊನಾಟಾ, ಕರೆಕ್ಟಾ ಎಂಬ ಮೂರು ಜಾತಿ. ಈ ಮೂರಕ್ಕೂ ಬಲೆ ಒಂದೇ. ಬಲೆ ಕಟ್ಟುವುದಷ್ಟೇ ನಿಮ್ಮ ಕೆಲಸವಾದರೆ ಇಲ್ಲಿಗೇ ನಿಲ್ಲಿಸಿ. ಯಾವ ನೊಣ ಎಷ್ಟು ಬಿತ್ತೆಂದು ಲೆಕ್ಕ ಬರೆಯುವವರು ಮುಂದೆ ಓದಿ.

ಜನ ಎಡವುವುದು ಮುಖದಲ್ಲಿ. ಮೀಸೆಗಳ ಕೆಳಗೆ, ಎರಡು ಕಣ್ಣುಗಳ ನಡುವಿನ ಹಳದಿ ಜಾಗವೇ ಮುಖ. ಡಾರ್ಸಾಲಿಸ್ ಮತ್ತು ಝೊನಾಟಾಗಳಲ್ಲಿ ಅಲ್ಲಿ ಎರಡು ಕಪ್ಪು ಚುಕ್ಕೆ, ಬಿಡಿಬಿಡಿಯಾಗಿ. ಕರೆಕ್ಟಾದಲ್ಲಿ ಅವು ಅಡ್ಡಕ್ಕೆ ಎಳೆದುಕೊಂಡು ಬಹುತೇಕ ಒಂದೇ ಗೆರೆಯಂತೆ ಕೂಡುತ್ತವೆ. ತೊಂದರೆ ಏನೆಂದರೆ, ಬಿಸಿಲು ನೆತ್ತಿಯ ಮೇಲಿದ್ದಾಗ ಮೀಸೆಯ ನೆರಳೂ ಅಲ್ಲೇ ಬಿದ್ದು ಇಲ್ಲದ ಗೆರೆ ಹುಟ್ಟಿಸುತ್ತದೆ. ಫ್ಲ್ಯಾಶ್ ಹಾಕಿದರೆ ಮುಖ ಹೊಳೆದು ಇರುವ ಚುಕ್ಕೆಯೂ ಮಾಯವಾಗುತ್ತದೆ. ಮರದ ನೆರಳಿನಲ್ಲಿ, ನೊಣದ ಕಣ್ಣಿನ ಮಟ್ಟಕ್ಕೆ ಮೊಬೈಲ್ ಇಳಿಸಿ, ಎದುರಿನಿಂದ ತೆಗೆಯಿರಿ. ಆಮೇಲೆ ನೊಣವನ್ನಿಟ್ಟ ಕಾಗದವನ್ನು ತುಸು ತಿರುಗಿಸಿ ಇನ್ನೊಂದು. ನೆರಳಾದರೆ ಜಾಗ ಬದಲಿಸುತ್ತದೆ, ಚುಕ್ಕೆಯಾದರೆ ಇದ್ದಲ್ಲೇ ಇರುತ್ತದೆ. ಅಗ್ಗದ ಕ್ಲಿಪ್ ಲೆನ್ಸ್ ಕೊಂಡು ನಾನೂ ಹಣ ಕಳೆದುಕೊಂಡಿದ್ದೇನೆ. ನಡುವೆ ಸ್ಪಷ್ಟ, ಅಂಚೆಲ್ಲ ಕಾಮನಬಿಲ್ಲು. ಹಳೆಯ ಭೂತಗನ್ನಡಿಯನ್ನು ಮೊಬೈಲಿನ ಮುಂದೆ ಹಿಡಿದರೂ ಅದಕ್ಕಿಂತ ವಾಸಿ. ಮೊಬೈಲಿನ ‘ಸೌಂದರ್ಯ’ ಫಿಲ್ಟರ್ ಆಫ್ ಮಾಡಿ. ಅದು ಮನುಷ್ಯರ ಮೊಡವೆ ಅಳಿಸಿದಂತೆ ನೊಣದ ಚುಕ್ಕೆಯನ್ನೂ ಅಳಿಸುತ್ತದೆ.

ಕೊನೆಗೆ ರೆಕ್ಕೆ, ಬಿಳಿ ಕಾಗದದ ಮೇಲೆ ಬಿಡಿಸಿಟ್ಟು. ಮುಂಅಂಚಿನುದ್ದಕ್ಕೂ ತುದಿಯವರೆಗೆ ಕಡಿಯದ ತೆಳು ಕಂದು ಪಟ್ಟಿ ಇದ್ದರೆ ಡಾರ್ಸಾಲಿಸ್. ಪಟ್ಟಿ ನಡುವೆ ಕಡಿದು, ತುದಿಯಲ್ಲಿ ಬರೀ ಒಂದು ಕಂದು ಚುಕ್ಕೆ ಉಳಿದಿದ್ದರೆ ಝೊನಾಟಾ ಅಥವಾ ಕರೆಕ್ಟಾ. ಇವೆರಡರಲ್ಲಿ ಯಾವುದೆಂದು ಮುಖ ಹೇಳುತ್ತದೆ. ಬೆನ್ನಿನ ಬಣ್ಣ ನೋಡಿ ತೀರ್ಮಾನಿಸುವ ಅಡ್ಡದಾರಿ ಬೇಡ. ಝೊನಾಟಾ ಕೆಂಗಂದು ನಿಜ, ಆದರೆ ಡಾರ್ಸಾಲಿಸ್ ಕೂಡ ಕಪ್ಪಿನಿಂದ ಕೆಂಗಂದಿನವರೆಗೆ ಬಣ್ಣ ಬದಲಿಸುತ್ತದೆ. ಫೋಟೊ ಹಾಕಿದೊಡನೆ ಹೆಸರು ಉಸುರುವ ಆ್ಯಪ್‌ಗಳು ಮುಗ್ಗರಿಸುವುದೂ ಇಲ್ಲೇ.

ಮೂರೂ ಫೋಟೊಗಳನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲವಾದರೆ ದಾರಿಯಲ್ಲೇ ಕುಗ್ಗಿ ಚುಕ್ಕೆಗಳು ಕಲಸಿಹೋಗುತ್ತವೆ.

ಡಾರ್ಸಾಲಿಸ್‌ಗೆ ತೀರಾ ಹತ್ತಿರದ ಬಂಧುಗಳೂ ಇವೆ. ಬೇರೆ ಜಾತಿಗಳೆಂದು ನಂಬಿದ್ದ ಪಪಾಯೇ, ಇನ್ವಾಡೆನ್ಸ್‌ಗಳನ್ನು ತಜ್ಞರೇ 2015ರಲ್ಲಿ ಡಾರ್ಸಾಲಿಸ್‌ಗೆ ಸೇರಿಸಿದರು. ಅಂಥಲ್ಲಿ ಫೋಟೊ ನಂಬಿ ನಾನು ಹೆಸರು ಹೇಳುವುದಿಲ್ಲ. ನೊಣವನ್ನು ಸ್ಪಿರಿಟ್ ತುಂಬಿದ ಸೀಸೆಗೆ ಹಾಕಿ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ಒಯ್ಯಿರಿ. ಊರು, ದಿನಾಂಕ, ಯಾವ ಹಣ್ಣು ಎಂಬುದನ್ನು ಚೀಟಿಯಲ್ಲಿ ಬರೆದು ಸೀಸೆಯ ಒಳಗೇ ಇಡಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗುತ್ತದೆ.