ಬೆಳಗಾವಿಯ ಹೊಂಡಗಳಲ್ಲಿ ಕಪ್ಪೆ ನೋಡುವ ಬಗೆ: ನನ್ನ ಅನುಭವ

ಹೊಂಡದಲ್ಲಿ ನ್ಯೂಟ್ ಸಿಗುತ್ತದೆಯೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕಪ್ಪೆಯಂತೆ ನೀರು, ನೆಲ ಎರಡರಲ್ಲೂ ಬಾಳುವ, ಹಲ್ಲಿಯಾಕಾರದ, ಬೆಳೆದ ಮೇಲೂ ಬಾಲವಿರುವ ಈ ಜೀವಿ ಬೆಳಗಾವಿ ಕಡೆ ಇಲ್ಲ. ಭಾರತದಲ್ಲಿ ಅದರ ನೆಲೆ ಡಾರ್ಜಿಲಿಂಗ್ ಮತ್ತು ಈಶಾನ್ಯದ ಬೆಟ್ಟಗಳು. ನಮ್ಮ ಹೊಂಡದಲ್ಲಿ ನಾಲ್ಕು ಕಾಲು, ಬಾಲ ಎರಡೂ ಇರುವ ಮರಿ ಕಂಡರೆ ಅದು ಕಪ್ಪೆಯಾಗುತ್ತಿರುವ ಗೊದಮೊಟ್ಟೆ. ಗೊದಮೊಟ್ಟೆಗೆ ಹಿಂಗಾಲು ಮೊದಲು ಕಾಣುತ್ತವೆ, ಮುಂಗಾಲು ಆಮೇಲೆ. ನ್ಯೂಟ್ ಮರಿಗೆ ಮುಂಗಾಲೇ ಮೊದಲು. ಕವಲೊಡೆದ ಕಿವಿರುಗಳೂ ಕತ್ತಿನ ಪಕ್ಕ ಹೊರಗೇ ಇರುತ್ತವೆ.

ಕಪ್ಪೆ ನೋಡಲು ನಾನು ಕಾಯುವುದು ರೋಹಿಣಿ, ಮಿರಗದ ಮಳೆಗೆ. ಮೊದಲ ಜೋರು ಮಳೆ ಬಿದ್ದ ರಾತ್ರಿಯನ್ನು ಬಿಡಬಾರದು. ದೊಡ್ಡ ಬುಲ್‌ಫ್ರಾಗ್ ಗಂಡುಗಳು ಆಗ ಹಳದಿ ಬಣ್ಣಕ್ಕೆ ತಿರುಗಿ, ಗಂಟಲ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಕೂಗುತ್ತವೆ. ಈ ಸಂಭ್ರಮ ಬೇಗ ಮುಗಿಯುತ್ತದೆ. ವಾರ ಬಿಟ್ಟು ಹೋದರೆ ಅದೇ ಕಪ್ಪೆ ಮಾಸಲು ಹಸಿರಾಗಿರುತ್ತದೆ. ಕೋಟೆ ಕೆರೆಯಂಥ ದೊಡ್ಡ ನೀರಿಗಿಂತ ಗದ್ದೆಯಂಚು, ಖಾಲಿ ಸೈಟಿನ ಗುಂಡಿ, ಕಲ್ಲು ತೆಗೆದ ಹೊಂಡ ಮೇಲು. ಮಳೆಗೆ ಮಾತ್ರ ತುಂಬುವ ಗುಂಡಿಯಲ್ಲಿ ಗೊದಮೊಟ್ಟೆ ತಿನ್ನುವ ಮೀನು ಇರುವುದಿಲ್ಲ.

ಹೊತ್ತು ಮುಳುಗಿದ ಮೇಲೆ ಗಮ್ ಬೂಟು, ಕೋಲು, ತಲೆಗೆ ಕಟ್ಟುವ ಟಾರ್ಚು ಇಷ್ಟು ಸಾಕು. ಕಪ್ಪೆ ಇರುವಲ್ಲಿಗೆ ನಾಗರಹಾವೂ ಬರುತ್ತದೆ, ಆದ್ದರಿಂದ ಬೂಟು ಇಲ್ಲದೆ ಹುಲ್ಲಿಗೆ ಕಾಲಿಡಬೇಡಿ. ದಂಡೆ ಹತ್ತಿರವಾದಂತೆ ಕೂಗು ನಿಲ್ಲುತ್ತದೆ. ಆಗ ಮುಂದೆ ಹೋಗದೆ ಟಾರ್ಚು ಆರಿಸಿ, ಸುಮಾರು 10 ನಿಮಿಷ ಅಲುಗಾಡದೆ ಕೂಡಬೇಕು. ಹೆಚ್ಚಿನವರು ಸೋಲುವುದು ಇಲ್ಲೇ: ಕೂಗು ನಿಂತಿತೆಂದು ಟಾರ್ಚು ಹಾಯಿಸುತ್ತಾರೆ, ಕಪ್ಪೆ ನೀರಿಗೆ ಹಾರುತ್ತದೆ.

ಮೊದಲು ಕಿವಿ, ಆಮೇಲೆ ಕಣ್ಣು. ಬಾಚಣಿಗೆ ಹಲ್ಲಿನ ಮೇಲೆ ಉಗುರು ಎಳೆದಂಥ ಸದ್ದು ಮೈಕ್ರೊಹೈಲಾ ಎಂಬ ಪುಟ್ಟ ಕಪ್ಪೆಯದ್ದು. ಉಗುರಿನಷ್ಟೇ ಚಿಕ್ಕದಾದ್ದರಿಂದ ಹುಲ್ಲಿನ ಬುಡದಲ್ಲಿ ಹುಡುಕಬೇಕು. ಎಡೆಬಿಡದ ಉದ್ದನೆಯ ಕುರ್ರ್ ನೆಲಗಪ್ಪೆ. ಮೇಲಿನಿಂದ, ಗಿಡದಿಂದಲೋ ಗೋಡೆಯಿಂದಲೋ ಟಕ್‌ಟಕ್ ಬಂದರೆ ಮರಗಪ್ಪೆ. ಫೋನಿನಲ್ಲಿ ಒಂದು ನಿಮಿಷ ಧ್ವನಿ ಹಿಡಿದುಕೊಂಡು ಮನೆಯಲ್ಲಿ ಹೋಲಿಸುತ್ತೇನೆ. ಅದೇ ಧ್ವನಿಯನ್ನು ಹೊಂಡದ ಬಳಿ ಹಾಕಿ ಕಪ್ಪೆಯನ್ನು ಕರೆಯುವುದು ಸರಿಯಲ್ಲ: ಸಂಗಾತಿಗಾಗಿ ಕೂಗುವ ಹೊತ್ತು ಇಲ್ಲದ ಎದುರಾಳಿಯ ಪಾಲಾಗುತ್ತದೆ.

ಮೊಟ್ಟೆ ನೋಡಲು ಬೆಳಿಗ್ಗೆ ಒಳ್ಳೆಯದು. ನೀರುಗಿಡಕ್ಕೆ ಸುತ್ತಿದ ಲೋಳೆಯ ಉದ್ದನೆಯ ದಾರಗಳು, ಒಳಗೆ ಕರಿ ಚುಕ್ಕೆ, ಅದು ನೆಲಗಪ್ಪೆಯದು. ಸಿಮೆಂಟು ತೊಟ್ಟಿಯ ಗೋಡೆಗೋ ನೀರ ಮೇಲೆ ಬಾಗಿದ ಎಲೆಗೋ ಅಂಟಿದ ಬಿಳಿ ನೊರೆಯ ಉಂಡೆ ಮರಗಪ್ಪೆಯ ಗೂಡು. ದಯವಿಟ್ಟು ಕಸವೆಂದು ತೊಳೆದು ಹಾಕಬೇಡಿ, ಮರಿಗಳು ಕೆಲವೇ ದಿನಗಳಲ್ಲಿ ಕೆಳಗಿನ ನೀರಿಗೆ ಬೀಳುತ್ತವೆ. ಗೊದಮೊಟ್ಟೆಯಲ್ಲೂ ಗುರುತಿದೆ. ಗುಂಪುಗುಂಪಾಗಿ ಕಪ್ಪಗಿದ್ದರೆ ನೆಲಗಪ್ಪೆ; ಮೂತಿಯ ತುದಿಗೆ ಬಿಳಿ ಚುಕ್ಕೆ ಇದ್ದರೆ ಮರಗಪ್ಪೆ; ಮೈ ಪಾರದರ್ಶಕವಾಗಿ ನೀರಿನ ನಡುವೆ ತೇಲುತ್ತಿದ್ದರೆ ಮೈಕ್ರೊಹೈಲಾ. ಇತರ ಗೊದಮೊಟ್ಟೆಗಳನ್ನು ಹಿಡಿದು ತಿನ್ನುವ ದೊಡ್ಡದು ಬುಲ್‌ಫ್ರಾಗಿನದು. ಬೇರೆಯವುಗಳ ಜೊತೆ ಒಂದೇ ಡಬ್ಬಿಯಲ್ಲಿ ಹಾಕಲೇಬಾರದು.

ಹತ್ತಿರದಿಂದ ನೋಡಬೇಕಾದರೆ ಪಾರದರ್ಶಕ ಡಬ್ಬಿಯನ್ನೇ ನೀರಿಗೆ ಓರೆಯಾಗಿ ಇಳಿಸಿ, ಹೊಂಡದ ನೀರಿನ ಸಮೇತ ಎತ್ತಿ. ಬಲೆಯಿಂದ ಕೆಸರು ಕದಡುತ್ತದೆ, ಮರಿಗಳ ಬಾಲವೂ ಹರಿಯಬಹುದು. ನೆರಳಿನಲ್ಲಿ 5 ನಿಮಿಷ ನೋಡಿ ಅಲ್ಲೇ ಬಿಡಿ. ನಳದ ನೀರು ಬೇಡ, ಅದರ ಕ್ಲೋರಿನ್ ಗೊದಮೊಟ್ಟೆಗೆ ವಿಷ. ಸೊಳ್ಳೆ ಮುಲಾಮು ಹಚ್ಚಿದ ಕೈಯನ್ನೂ ಹತ್ತಿರ ತರಬೇಡಿ. ಕಪ್ಪೆ ಚರ್ಮದಿಂದಲೇ ನೀರು, ಗಾಳಿ ಎಳೆದುಕೊಳ್ಳುವ ಜೀವಿ, ಹಚ್ಚಿದ್ದೆಲ್ಲ ಅದರ ಮೈಗೆ ಇಳಿಯುತ್ತದೆ.

ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು, ಡಬ್ಬಿ ಉಜ್ಜಿ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸುತ್ತೇನೆ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಒದ್ದೆ ಕೆಸರಿನ ಜೊತೆ ಸಾಗುತ್ತದೆ, ಒಣಗಿದರೆ ಸಾಯುತ್ತದೆ. ಆಷಾಢದ ಮಳೆಯಲ್ಲಿ ಬಿಸಿಲು ಸಿಗದಿದ್ದರೆ, ಆ ದಿನ ಒಂದೇ ಹೊಂಡ.