ಪಾಲಿಮರ್ ಕ್ಲೇ ಮಣಿ ಕೆತ್ತುವಾಗ ಚಕ್ಕೆ ಏಳುತ್ತಿತ್ತು: ಸರಿಹೋದದ್ದು ಹೀಗೆ

ಬೇಯಿಸಿದ ಮಣಿಯ ಮೇಲೆ ಗೆರೆ ಕೊರೆದರೆ ಎಳೆ ಸುರುಳಿಯಾಗಿ ಏಳಬೇಕು. ನನಗೆ ಪುಡಿ ಉದುರುತ್ತಿತ್ತು, ಗೆರೆಯಂಚು ಚಕ್ಕೆ ಏಳುತ್ತಿತ್ತು. ಇಂಥ ಹೊತ್ತಲ್ಲಿ ಎಲ್ಲರೂ ಉಳಿಯನ್ನು ದೂರುತ್ತಾರೆ. ಮೊದಲು ನೋಡಬೇಕಾದ್ದು ಓವನ್.

ಹೆಸರಿಗೆ ಕ್ಲೇ, ಅದರಲ್ಲಿರುವುದು ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಪುಡಿ ಮತ್ತು ಅದನ್ನು ಮೆದುವಾಗಿಡುವ ಪ್ಲಾಸ್ಟಿಸೈಜರ್. ಶಾಖ ಸಾಲದಿದ್ದರೆ ಕಣಗಳು ಪೂರ್ತಿ ಬೆಸೆಯುವುದಿಲ್ಲ. ಮೇಲೆ ಗಟ್ಟಿ ಅನ್ನಿಸಿದರೂ ಒಳಗೆ ಪೆಡಸು, ಕೊರೆದರೆ ಪುಡಿಯಾಗುತ್ತದೆ. ಓವನ್ನಿನ ಡಯಲ್ ನಂಬಬೇಡಿ, ಒಳಗೊಂದು ಪ್ರತ್ಯೇಕ ಥರ್ಮಾಮೀಟರ್ ಇಡಿ. ಕ್ಲೇ ಬ್ರ್ಯಾಂಡ್‌ಗಳಲ್ಲಿ ಸ್ಕಲ್ಪಿ ಪ್ರೀಮೋಗೆ 130 ಡಿಗ್ರಿ ಸೆಲ್ಸಿಯಸ್, ಫಿಮೋಗೆ 110; 6 ಮಿ.ಮೀ. ದಪ್ಪಕ್ಕೆ 30 ನಿಮಿಷ. ಕೆತ್ತುವ ಮಣಿಯನ್ನು ನಾನು ಒಂದು ಗಂಟೆ ಬೇಯಿಸುತ್ತೇನೆ, ಮೇಲೆ ಫಾಯಿಲ್ ಮುಚ್ಚಿ. ಹೊತ್ತು ಹೆಚ್ಚಾದರೆ ತೊಂದರೆಯಿಲ್ಲ. ಶಾಖ ಮಿತಿಮೀರಿದರೆ ಮಾತ್ರ ಕ್ಲೇ ಸುಟ್ಟು ಕೆಟ್ಟ ಹೊಗೆ ಬರುತ್ತದೆ.

ಉಳಿ 1ರಿಂದ 2 ಮಿ.ಮೀ.ನ ‘ವಿ’ ಬಾಯಿಯದು, ಚಿತ್ರದ ಅಚ್ಚಿಗೆ ಲಿನೋ (ಲಿನೋಲಿಯಂ ಹಾಳೆ) ಕೆತ್ತುವಂಥದ್ದು. ಆಳ ಒಂದೇ ಸಲಕ್ಕೆ ಬೇಡ, ಅರ್ಧ ಮಿ.ಮೀ.ಯಂತೆ ಎರಡು ಸಲ. ಬಳುಕು ಗೆರೆಗೆ ಉಳಿ ನೆಟ್ಟಗಿರಲಿ, ಮಣಿ ತಿರುಗಲಿ. ಮಣಿ ಉಗುರುಬೆಚ್ಚಗಿದ್ದಾಗ ಇನ್ನೂ ಸಲೀಸು. ಹಿಡಿದ ಬೆರಳು ಉಳಿಯ ದಾರಿಯಲ್ಲಿ ಇರಕೂಡದು.

ನಡುವೆ ಗುಳಿ ಕಂಡರೆ ಅದು ನಾದುವಾಗ ಸೇರಿದ ಗಾಳಿ. ಅದನ್ನೂ ಗೆರೆಗಳನ್ನೂ ಬೇರೆ ಬಣ್ಣದ ಹಸಿ ಕ್ಲೇಯಿಂದ ಒತ್ತಿ ತುಂಬಿ, ಮತ್ತೆ 30 ನಿಮಿಷ ಬೇಯಿಸಿ. ಆಮೇಲೆ 400, 600, 1000 ನಂಬರಿನ ವಾಟರ್ ಪೇಪರ್‌ನಿಂದ ನೀರಿನಲ್ಲಿ ಉಜ್ಜಿ.